ಬೇನಜೀರ ಮಾಡಿದ ಮುದುಕ

ಬ್ಯಾಡಗಿಯ ಫಕ್ರುದ್ದೀನ ಮೂವತ್ತು ವರ್ಷ ಮೆಣಸಿನಕಾಯಿ ಪೇಟೆಯಲ್ಲಿ ಹರಾಜಿನ ಸವಾಲು ಕೂಗಿದವನು. 2007ರಲ್ಲಿ ಲಕವಾ ಹೊಡೆದು ಅವನ ಮಾತು ನಿಂತಿತು. ಮನೆಯವರೆಲ್ಲ ಅತ್ತರು. ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದ ಮಗಳು ಬೇನಜೀರಳಿಗೆ ಮಾತ್ರ ಅಳು ಬರಲಿಲ್ಲ, ಆಮೇಲೂ ಬರಲಿಲ್ಲ.

ಅವಳ ಕಂಪ್ಯೂಟರಿನಲ್ಲಿ ರಾಕ್ಷಸರು, ಕೋಟೆಗಳಿರುವ ಒಂದು ಗೇಮ್ ಇತ್ತು. ಅದಕ್ಕೆ ಹೊಸ ಮನುಷ್ಯರನ್ನು ಮಾಡಿ ಸೇರಿಸುವ ಸಲಕರಣೆಯೂ ಜೊತೆಗೇ ಬಂದಿತ್ತು. ವಾರಗಟ್ಟಲೆ ಕೂತು ಅವಳು ಒಬ್ಬ ಮುದುಕನನ್ನು ಮಾಡಿದಳು. ಅಪ್ಪನ ಹಾಗೆ ಮೂಗು ಉದ್ದ ಮಾಡಿ, ಗಡ್ಡಕ್ಕೆ ಬಿಳಿ ಬಣ್ಣ ಕೊಟ್ಟು, ಕೋಟೆಯ ಸಂತೆಯಲ್ಲಿ ನಿಲ್ಲಿಸಿದಳು. ಯಾರಾದರೂ ಹತ್ತಿರ ಹೋದರೆ ಅವನು ಆಡಬೇಕಾದ ಮಾತನ್ನು, ಗೇಮಿನಲ್ಲಿ ಕನ್ನಡ ಮೂಡದ್ದರಿಂದ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಳು.

ಒಂದು ರವಿವಾರ ಅಪ್ಪನನ್ನು ಪರದೆಯ ಮುಂದೆ ಕೂರಿಸಿ, ಅಲ್ಲಿ ಮೂಡಿದ ಆ ಮಾತನ್ನು ತಾನೇ ಓದಿದಳು: “ಬರ್ರಿ, ಮಾಲು ನೋಡ್ರಿ.”

“ಇಷ್ಟು ಮೆಲ್ಲಕ ಎಲ್ಲಿ ಕೂಗತಿದ್ರು? ಸ್ಟೇಶನ್ ತನಕಾ ಕೇಳತಿತ್ತು,” ಎಂದಳು ತಾಯಿ ಗುಲಾಬಬಿ.

ಫಕ್ರುದ್ದೀನ ಎಡಗೈಯಿಂದ ತನ್ನ ತಲೆಯ ಟೊಪ್ಪಿಗೆ ಮುಟ್ಟಿ ತೋರಿಸಿದ. ಪರದೆಯ ಮುದುಕನಿಗೆ ಟೊಪ್ಪಿಗೆ ಇರಲಿಲ್ಲ. ಬೇನಜೀರ ಹುಡುಕಿದಳು. ಗೇಮಿನಲ್ಲಿದ್ದದ್ದು ಯುದ್ಧದ ಕಬ್ಬಿಣದ ಟೊಪ್ಪಿಗೆ ಒಂದೇ, ಅದನ್ನೇ ಹಾಕಿದಳು. ಅಪ್ಪ ಅರ್ಧ ಬಾಯಲ್ಲಿ ನಕ್ಕ. ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಬೇನಜೀರ ಆ ನಗು ನೋಡಿದಳು. ಒಳಗೆ ಏನೂ ಅಲುಗಲಿಲ್ಲ. ಮಾಡಿದ್ದನ್ನು ಸೇವ್ ಮಾಡಿ, “ಚಾ ಇಡ್ಲೇನು?” ಎಂದು ಕೇಳಿದಳು.