ಎರಡು ಡೈರಿಗಳ ನಡುವೆ ಅತ್ತೆಯ ಹೆಸರು

ಏರ್‌ಪೋರ್ಟ್ ರಸ್ತೆಗೆ ದೇವನಹಳ್ಳಿ ಕಡೆಯ ನಮ್ಮ ಮನೆ, ಹೊಲ ಎರಡೂ ಹೋದವು. ಊರಿನ ಉಳಿದ ಭಾಗ, ಹಾಲಿನ ಡೈರಿ ಹಾಗೆಯೇ ಉಳಿದವು. ನಾವು ಬೂದಿಗೆರೆಗೆ ಬಂದೆವು. ಅತ್ತೆ ಹಸುವನ್ನು ಬಿಟ್ಟು ಬರಲು ಸುತರಾಂ ಒಪ್ಪಲಿಲ್ಲ. ಹೊಲ, ಮನೆ ಮಾವನ ಹೆಸರಿನಲ್ಲಿದ್ದವು. ಡೈರಿಯ ಸದಸ್ಯತ್ವವೊಂದೇ ಅತ್ತೆಯದು. ಅದನ್ನೂ ಹೊಸ ಊರಿಗೆ ವರ್ಗ ಮಾಡಿಸಿಕೊಂಡರು.

ಕ್ಯಾನು ಹಿಡಿದು ಹೋದರೆ ಡೈರಿಯ ಕಾರ್ಯದರ್ಶಿ ಕಂಪ್ಯೂಟರ್ ನೋಡಿ, "ನಿಮ್ ಹೆಸ್ರು ಇಲ್ಲಿಗೆ ಬಂದಿಲ್ಲ ಕಣಮ್ಮ, ಹಾಲು ಹಾಕುಸ್ಕೊಳಕಾಗಲ್ಲ" ಎಂದರು. ಹಳೆಯ ಡೈರಿಗೆ ಫೋನ್ ಮಾಡಿದರೆ, "ಇಲ್ಲಿಂದ ಹೋಗೈತಲ್ಲ" ಎಂದರು. ಅತ್ತೆ ದಿನವೂ ಹೋದರು, ದಿನವೂ ಹಾಲು ವಾಪಸ್ ತಂದರು. ಗುರುತು ಪರಿಚಯವಿಲ್ಲದ ಊರಿನಲ್ಲಿ ಕೊಳ್ಳುವವರು ಯಾರು? ಮೊಸರು ಮಾಡಿ, ಬೆಣ್ಣೆ ತೆಗೆದು ಸಾಕಾಯಿತು. ಕೊನೆಗೆ ಹೊಸಕೋಟೆ ಕಡೆಯವರಿಗೆ ಹಸುವನ್ನು ಮಾರಿದರು. ಟೆಂಪೋ ಹತ್ತಿಸುವಾಗ ಹಗ್ಗ ಬಿಚ್ಚಿ ಇಟ್ಟುಕೊಂಡರು. ಹಸು ಮಾರಿದರೂ ಹಗ್ಗ ಕೊಡುವುದಿಲ್ಲ, ಅದು ಮುಂದಿನ ಹಸುವಿಗೆ.

ಆ ಡೈರಿಗಳ ಜಾವಾ ಪ್ರೋಗ್ರಾಂ ನೋಡಿಕೊಳ್ಳುವ ಕಚೇರಿಯಲ್ಲೇ ನನಗೆ ಕೆಲಸ. ಬರೆದವರು ಎಂದೋ ಬಿಟ್ಟು ಹೋಗಿದ್ದರು. ನಾನು ತಪ್ಪು ಹುಡುಕುವಷ್ಟರಲ್ಲಿ ಹಸು ಹೋಗಿತ್ತು. ವರ್ಗವೆಂದರೆ ಹಳೆಯ ಡೈರಿಯಿಂದ ಹೆಸರು ತೆಗೆಯುವುದು, ಹೊಸದಕ್ಕೆ ಸೇರಿಸುವುದು. ಅತ್ತೆಯ ಸದಸ್ಯ ಸಂಖ್ಯೆ ಬೂದಿಗೆರೆಯಲ್ಲಿ ಬೇರೊಬ್ಬರಿಗಿತ್ತು, ಹಾಗಾಗಿ ಸೇರಿಸುವಾಗ ಎರರ್ ಬಂತು. ಆಗ ತೆಗೆದದ್ದನ್ನು ವಾಪಸ್ ಹಾಕಬೇಕಲ್ಲವೇ? ಹಾಕುವುದಿಲ್ಲ. 'ಈ ಸಂಖ್ಯೆ ಬೇರೊಬ್ಬರದು' ಎಂಬಂತೆ ಪ್ರೋಗ್ರಾಂ ಬರೆದವರೇ ಹೆಸರಿಟ್ಟ ಇಂಥ ಎರರ್ ಬಂದರೆ, ನಾವು ಬೇರೆ ಹೇಳದ ಹೊರತು, ಸರ್ವರ್ ಅಲ್ಲಿಯವರೆಗೆ ಆದದ್ದನ್ನು ಖಾಯಂ ಮಾಡಿಬಿಡುತ್ತದೆ. ಎಂಥ ದರಿದ್ರ ರೂಢಿ ಎಂದು ಬೈದುಕೊಳ್ಳುತ್ತಲೇ, ಈ ಎರರ್ ಬಂದರೆ ಎಲ್ಲವನ್ನೂ ಮೊದಲಿನಂತೆ ಮಾಡು ಎಂದು ಒಂದು ಸಾಲು ಸೇರಿಸಿದೆ. ಅತ್ತೆಗೆ ಬೂದಿಗೆರೆಯಲ್ಲಿ ಹೊಸ ಸಂಖ್ಯೆಯೂ ಸಿಕ್ಕಿತು.

ಸಂಜೆ ಹಿತ್ತಲಲ್ಲಿ ಕೂತಿದ್ದ ಅತ್ತೆಗೆ ಹೇಳಿದೆ: "ಇನ್ಮೇಲೆ ಯಾರ್ಗೂ ಹಿಂಗಾಗಲ್ಲ ಅತ್ತೆ. ಹೊಸ ಡೈರಿಗೆ ಸೇರ್ದಿದ್ರೆ ಹೆಸ್ರು ಹಳೇ ಡೈರೀಲೇ ಉಳ್ಕೊಳ್ಳುತ್ತೆ."

ಅವರು ನನ್ನ ಕಡೆ ತಿರುಗಿದರು. "ಅದನ್ನ ಮೊದ್ಲೇ ಮಾಡಿದ್ದಿದ್ರೆ ನನ್ ಹೆಸ್ರು ಊರಲ್ಲೇ ಇರ್ತಿತ್ತಾ?"

"ಇರ್ತಿತ್ತು."

"ಹಂಗಾದ್ರೆ ಬೆಳಗ್ಗೆ ಬಸ್ಸಿಗೆ ಹೋಗಿ ಅಲ್ಲೇ ಹಾಲು ಹಾಕ್ಬರ್ತಿದ್ನಲ್ಲ ಕಣೇ. ಊರಿಗೆ ಹೋಗಕ್ಕೆ ಒಂದು ನೆಪ ಆದ್ರೂ ಇರ್ತಿತ್ತು."

ನನಗೆ ದುಃಖ ತಡೆಯಲಾಗಲಿಲ್ಲ. ಒಳಗೆ ಹೋಗಿ ಅತ್ತುಬಿಟ್ಟೆ. ಮಾರನೆಯ ದಿನ ಅತ್ತೆ ಆ ಹಗ್ಗವನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟರು.