ನೀರು ಹೋಗುವ ತೂತಿನ ಮೇಲೆ ಬಸಳೆ

ಕುವೈತಿನ ಖೈತಾನ್‌ನಲ್ಲಿರುವ ನಮ್ಮ ಕಟ್ಟಡದ ತಾರಸಿಯಲ್ಲಿ ಮಳೆನೀರು ಇಳಿಯಲು ಇರುವುದು ಮೂಲೆಯ ಒಂದೇ ತೂತು. ಕಟ್ಟಿಸಿದವನ ಬುದ್ಧಿಯೂ ಅಷ್ಟೇ ಅಗಲ ಇದ್ದಿರಬೇಕು ಎಂದು ನಾನು ಬಂದವರೆದುರೆಲ್ಲ ಹೇಳಿ ನಗಿಸಿದ್ದೇನೆ.

ಮೇಲಿನ ಮಹಡಿಯಲ್ಲಿ ಎರಡೇ ಮನೆ. ಒಂದರಲ್ಲಿ ನಾನು, ಹೆಂಡತಿ. ಇನ್ನೊಂದರಲ್ಲಿ ವಿಟ್ಲದ ಕಡೆಯ ಬ್ಯಾರಿಯೊಬ್ಬ, ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್. ನಾನು ಮೀನಾ ಅಲ್ ಅಹ್ಮದಿಯ ತೈಲ ರಿಫೈನರಿಯಲ್ಲಿ ಪೈಪ್‌ಲೈನ್ ಎಂಜಿನಿಯರ್. ಈ ವ್ಯತ್ಯಾಸವನ್ನು ನಾನು ಮರೆತವನಲ್ಲ. ಅವನೂ ಮರೆಯದಂತೆ ನೋಡಿಕೊಂಡಿದ್ದೆ.

ನವೆಂಬರ್ ಬಂತೆಂದರೆ ಅವನು ಪೊರಕೆ, ತಂತಿ ಹಿಡಿದು ತಾರಸಿ ಹತ್ತುತ್ತಿದ್ದ. ಬೇಸಗೆಯ ಧೂಳು, ಪಾರಿವಾಳದ ಹಿಕ್ಕೆ, ಡಿಶ್‌ಗಳ ತುಂಡು ವಯರು ಎಲ್ಲ ಬಾಚಿ, ತೂತಿಗೆ ತಂತಿ ತುರುಕಿ, ಎರಡು ಬಕೆಟ್ ನೀರು ಸುರಿದು ನೋಡುತ್ತಿದ್ದ. ನನಗೆ ಎಲ್ಲಿಲ್ಲದ ನಗು. ತಿಂಗಳುಗಟ್ಟಲೆ ಬಿಡದೆ ಮಳೆ ಹೊಯ್ಯುವ ಊರಿನವರು ನಾವು. ವರ್ಷಕ್ಕೆ ನಾಲ್ಕು ದಿನ ಮೂಗು ಸುರಿಸುವ ಆಕಾಶಕ್ಕೆ ಹೆದರುವುದೇ? ಊರಿನ ಹೆಂಚಿನ ಮಾಡು ಇಳಿಜಾರು, ನೀರು ತಾನಾಗಿ ಓಡುತ್ತದೆ. ಇಲ್ಲಿನ ಸಪಾಟು ತಾರಸಿಗೆ ಆ ತೂತು ಬಿಟ್ಟರೆ ಗತಿಯಿಲ್ಲ ಎಂಬ ಸಣ್ಣ ಮಾತು ಎಂಜಿನಿಯರನ ತಲೆಗೆ ಹೊಳೆದಿರಲಿಲ್ಲ.

ಆ ವರ್ಷ ನನಗೆ ಬಸಳೆಯ ಹುಚ್ಚು. ಕುಂಡಗಳಿಗೆ ಹಾಕಿದ ನೀರು ನೇರ ಇಳಿದುಹೋಗಲಿ ಎಂದು ಐದು ಕುಂಡಗಳನ್ನೂ ತೂತಿನ ಸುತ್ತ ಒತ್ತಾಗಿ ಇಟ್ಟೆ. ಅವನು ಬಂದು ಕೈ ಕಟ್ಟಿ ನಿಂತ.

"ಸಾರ್, ಕುಂಡ ಸ್ವಲ್ಪ ಆಚೆ ಇಡುವನಾ? ಮಳೆ ಬಂದ್ರೆ ನೀರು ಹೋಗ್ಲಿಕ್ಕಿಲ್ಲ. ಅದರ ಅಡಿಯಲ್ಲೇ ನನ್ನ ರೂಮು, ನೀರು ನಿಂತ್ರೆ ಸೋರ್ತದೆ. ಮಗಳ ಮದುವೆಯ ಬಾಕ್ಸ್ ಉಂಟು."

ಬಾಕ್ಸ್ ನಾನು ನೋಡಿದ್ದೆ. ಎರಡು ವರ್ಷದಿಂದ ಒಂದೊಂದಾಗಿ ಆರಿಸಿಟ್ಟ ಬಟ್ಟೆ. ಮುಂದಿನ ವಾರ ಊರಿಗೆ ಒಯ್ಯಲು ರಟ್ಟಿಗೆ ಹಗ್ಗ ಬಿಗಿದು, ಮೇಲೆ ಹೆಸರು ಬರೆದು, ನಾವೆಲ್ಲ ಇಡುವಂತೆ ಕಪಾಟಿನ ತಲೆಯ ಮೇಲೆ, ಸೀಲಿಂಗಿಗೆ ತಾಗುವಂತೆ ಏರಿಸಿಟ್ಟಿದ್ದ.

"ಪೈಪಿನ ವಿಷಯ ನನಗೆ ಕಲಿಸ್ಬೇಡಿ ಮಾರಾಯ್ರೆ. ಮುಟ್ಟಿದ್ರೆ ಬಳ್ಳಿ ಮುರೀತದೆ," ಎಂದೆ.

ಅವನು ಮುಟ್ಟಲಿಲ್ಲ.

ಶುಕ್ರವಾರ ಮಧ್ಯಾಹ್ನ ಆಲಿಕಲ್ಲು ಬಿತ್ತು. ಕಾಲು ಗಂಟೆಯಲ್ಲಿ ರಸ್ತೆ ಬೆಳ್ಳಗಾಯಿತು. ನಾನು ಕಿಟಕಿಯಲ್ಲಿ ನಿಂತು ವಿಡಿಯೋ ಮಾಡಿ, "ಕುವೈತ್ ಈಗ ಕಾಶ್ಮೀರ" ಎಂದು ಕುಟುಂಬದ ಗ್ರೂಪಿಗೆ ಹಾಕಿದೆ. ಲೈಕುಗಳನ್ನು ನೋಡುತ್ತ ಕೂತೆ. ಹಿಂದೆಯೇ ಜೋರು ಮಳೆ ಬಂತು. ಅಂಗಡಿಯಿಂದ ಓಡಿ ಬಂದವನ ಹೆಜ್ಜೆ ತಲೆಯ ಮೇಲೆ ಕೇಳಿದಾಗಲೇ ನಾನು ಎದ್ದದ್ದು.

ತಾರಸಿಯಲ್ಲಿ ಪಾದ ಮುಳುಗುವ ನೀರು. ಕುಂಡಗಳ ಸಂದಿಯಲ್ಲಿ ಆಲಿಕಲ್ಲು ಗಟ್ಟಿಯಾಗಿ ಕೂತು ತೂತನ್ನು ಮುಚ್ಚಿತ್ತು. ಅವನು ಕುಕ್ಕರಗಾಲಲ್ಲಿ ಕೂತು ಬರಿಗೈಯಿಂದ ಐಸು ಬಗೆಯುತ್ತಿದ್ದ. ನನ್ನ ಹಿಂದೆಯೇ ಕಾವಲುಗಾರ ಹತ್ತಿ ಬಂದು, "ಏನಾಯ್ತು ಭಾಯಿ?" ಎಂದು ಹಿಂದಿಯಲ್ಲಿ ಕೇಳಿದ.

"ತೂತಿನ ಡಿಸೈನೇ ತಪ್ಪು," ಎಂದೆ. ಸ್ವರ ನಡುಗಲಿಲ್ಲ. ಅಂಥ ಮನುಷ್ಯ ನಾನು.

ಐಸು ಬಗೆಯುತ್ತಿದ್ದವನು ಎದ್ದು ಕೊನೆಯ ಕುಂಡವನ್ನು ಬಳ್ಳಿ ಮುರಿಯದಂತೆ ಎರಡೂ ಕೈಯಲ್ಲಿ ಎತ್ತಿ ಗೋಡೆಯ ಬದಿಗಿಟ್ಟ. ಕೈ ಕೆಂಪಾಗಿ ಊದಿಕೊಂಡಿತ್ತು. ನೀರು ಗೊಳಗೊಳ ಇಳಿಯತೊಡಗಿತು.

"ಬಾಕ್ಸು?" ಎಂದು ಕೇಳಿದೆ.

"ಅದು ಖಲಾಸ್ ಸಾರ್," ಎಂದ. "ನಿಮ್ಮ ಬಸಳೆಗೆ ಏನೂ ಆಗ್ಲಿಲ್ಲ."

ಮರುದಿನ ಬಣ್ಣ ಬಿಟ್ಟ ಮದುವೆ ಬಟ್ಟೆಗಳು ತಾರಸಿಯ ವಯರಿನ ಮೇಲೆ ಒಣಗುತ್ತಿದ್ದವು. ಅವನು ಊರಿಗೆ ಹೊರಡುವ ತನಕ, ಎದುರು ಸಿಕ್ಕಾನೆಂದು, ನಾನು ಬಾಗಿಲಿಗೆ ಕಿವಿಯಿಟ್ಟು ಕೇಳಿಯೇ ಹೊರಗೆ ಕಾಲಿಡುತ್ತಿದ್ದೆ.