ಕಸಾರಾ ಕಡೆಗೊಂದು ಸೀಟು

ಬೆಟ್ಟ ಹತ್ತುವ ಹುಚ್ಚಿರುವ ನಾನೂ ನನ್ನ ಗಂಡನೂ ಮುಂಬಯಿ ಬಳಿಯ ಡೊಂಬಿವಲಿಯಿಂದ ಬೆಟ್ಟಗಳ ಹತ್ತಿರಕ್ಕೆ ಮನೆ ಬದಲಿಸಲು ಹೊರಟು, ಈ ಭಾನುವಾರ ಬೆಳಿಗ್ಗೆ ಟಿಟ್ವಾಳಾದಲ್ಲಿದ್ದೆವು. ಫ್ಲ್ಯಾಟ್ ತೋರಿಸುತ್ತಿದ್ದ ಭಟ್ಟರು ಉಡುಪಿ ಕಡೆಯವರು. ಸ್ಟೇಷನ್ ಎದುರು ಅವರದೊಂದು ಹೋಟೆಲಿದೆ.

“ಇಲ್ಲಿಂದಲೇ ಲೋಕಲ್ ಹೊರಡ್ತದೆ ಮಾರಾಯ್ರೆ, ದಾದರಿಗೆ ಆರಾಮ ಕೂತು ಹೋಗ್ಬಹುದು. ನೀವು ಡೊಂಬಿವಲಿಯವರು ಸೀಟಿಗಂತ ಉಲ್ಟಾ ಕಲ್ಯಾಣಕ್ಕೆ ಹೋಗಿ ಅದೇ ಗಾಡಿಯಲ್ಲಿ ವಾಪಸ್ ಬರ್ತೀರಲ್ಲ, ಆ ಕಷ್ಟ ಇಲ್ಲ.”

“ದಾದರಿನ ಎದುರು ದಿಕ್ಕಿಗೆ, ಕಸಾರಾ ಕಡೆಗೆ ಹೇಗೆ?” ಎಂದೆ.

ಭಟ್ಟರು ತಬ್ಬಿಬ್ಬಾದರು. “ಆ ಕಡೆ ಯಾವ ಆಫೀಸ್ ಉಂಟು?”

ಬಾಲ್ಕನಿಯಿಂದ ದೂರದ ಮಾಹುಲಿ ಬೆಟ್ಟದ ಮೊನಚು ಕಲ್ಲುಗಳನ್ನು ತೋರಿಸಿದೆ.

“ಓ, ಅದಾ? ಅದು ಫ್ರೀ,” ಎಂದು ನಕ್ಕರು.

ಮನೆ ನಮಗೆ ಹಿಡಿಸಿತು. ಭಟ್ಟರಿಗೆ ಹೂಂ ಅಂದು, ಅದೇ ಹುರುಪಿನಲ್ಲಿ ಮಾಹುಲಿಗೇ ಹೊರಟೆವು. ಕಸಾರಾ ಲೋಕಲ್ ಬಂದಾಗ ಕಾಲಿಡಲು ಜಾಗವಿಲ್ಲ. ಸೀಟುಗಳ ತುಂಬ ನಮ್ಮಂಥವರೇ. ತೊಡೆಯ ಮೇಲೆ ಟ್ರೆಕ್ಕಿಂಗ್ ಬ್ಯಾಗು ಇಟ್ಟುಕೊಂಡು ಡೊಂಬಿವಲಿಯಿಂದಲೇ ಕೂತು ಬಂದಿದ್ದರು.

ಬಾಗಿಲಲ್ಲಿ ಜೋತುಬಿದ್ದ ಗಂಡ ಭಟ್ಟರ ಧಾಟಿಯಲ್ಲೇ ಗಂಭೀರವಾಗಿ ಹೇಳಿದ: “ಇಲ್ಲಿಗೆ ಬಂದ ಮೇಲೆ ಭಾನುವಾರ ಮೊದಲು ಉಲ್ಟಾ ಡೊಂಬಿವಲಿಗೆ ಹೋಗುವ, ಮಾರಾಯ್ತಿ. ಅಲ್ಲಿ ಸೀಟ್ ಸಿಗ್ತದೆ.”